ಕಾಸರಗೋಡಿನಿಂದ ಕುಂಜುಮ್‌ಗೆ: ಐದು ಗಾಡಿಗಳ ಸ್ಪಿತಿ ಯಾತ್ರೆಗೆ ತಯಾರಿ

ಹಿಮಾಚಲದ ಎತ್ತರದ ಕಣಿವೆ ಸ್ಪಿತಿಗೆ ಹೊರಡುವ ತಂಡ ಸೇರಿದರೆ ಮೊದಲು ಮಾತು ಬರುವುದು ಟಯರು, ಲೈಟು, ರೂಫ್ ಕ್ಯಾರಿಯರ್ ಬಗ್ಗೆ. ಅದೆಲ್ಲ ಆಮೇಲೆ. ಮೊದಲು ತೀರ್ಮಾನವಾಗಬೇಕಾದ್ದು ಒಂದೇ: ಸ್ಪಿತಿಯಿಂದ ಮನಾಲಿಗೆ ಇಳಿಯುವಾಗ ಸಿಗುವ, ಬಾತಲ್‌ನಿಂದ ಛತ್ರು ಮೂಲಕ ಗ್ರಾಂಫೂವರೆಗಿನ ಸುಮಾರು 50 ಕಿ.ಮೀ. ದಾರಿಯನ್ನು ಯಾವ ದಿನ, ಬೆಳಿಗ್ಗೆ ಎಷ್ಟು ಗಂಟೆಗೆ ಹಿಡಿಯುತ್ತೀರಿ? ಉಳಿದ ಇಪ್ಪತ್ತು ದಿನಗಳನ್ನು ಆ ಒಂದು ದಿನದಿಂದ ಹಿಂದಕ್ಕೆ ಎಣಿಸಿಕೊಂಡು ಬನ್ನಿ.

ಕಾರಣ ನೀರು. ನಮ್ಮಲ್ಲಿ ಮಳೆ ಬಂದರೆ ತೋಡು ತುಂಬುತ್ತದೆ. ಅಲ್ಲಿ ಒಳ್ಳೆಯ ಬಿಸಿಲು ಬಿದ್ದ ದಿನವೇ ನಾಲಾ, ಅಂದರೆ ಬೆಟ್ಟದ ತೊರೆ, ತುಂಬುವುದು. ಮೇಲಿನ ಹಿಮನದಿ ಕರಗಿದ ನೀರು ರಸ್ತೆಯ ಮೇಲೆಯೇ ಹರಿಯುತ್ತದೆ. ಬೆಳಿಗ್ಗೆ ಮೀನಖಂಡದವರೆಗೆ ಇದ್ದದ್ದು ಮಧ್ಯಾಹ್ನ ಎರಡರ ಮೇಲೆ ತೊಡೆಯವರೆಗೆ ಏರಬಹುದು, ಅಡಿಯ ಕಲ್ಲುಗಳೂ ಜಾಗ ಬದಲಿಸುತ್ತವೆ. 50 ಕಿ.ಮೀ.ಗೆ ನಾಲ್ಕರಿಂದ ಆರು ಗಂಟೆ ಬೇಕು. ಐದು ಗಾಡಿಗಳಿದ್ದರೆ ಆರು ಎಂದೇ ಹಿಡಿಯಿರಿ. ಹಾಗಾಗಿ ಬಾತಲ್‌ಗೆ ಮೊದಲು ಸಿಗುವ ಚಂದ್ರತಾಲ್ ಸರೋವರದ ಬದಿಯ ಕ್ಯಾಂಪಿನಿಂದ ಬೆಳಿಗ್ಗೆ ಆರಕ್ಕೆ ಗಾಡಿ ಕದಲಬೇಕು. ಕದಲುವುದೆಂದರೆ ಹಲ್ಲುಜ್ಜುವುದಲ್ಲ.

ಕಾಲದ ಆಯ್ಕೆಯೂ ಇದರಿಂದಲೇ. ಜುಲೈ–ಆಗಸ್ಟ್‌ನಲ್ಲಿ ನಾಲಾಗಳು ಜೋರು, ಕಿನ್ನೌರ್ ಬದಿಯಲ್ಲಿ ಗುಡ್ಡ ಕುಸಿತ. ಸೆಪ್ಟೆಂಬರ್ ಎರಡನೇ ವಾರದಿಂದ ತಿಂಗಳ ಕೊನೆಯವರೆಗೆ ನೀರು ಇಳಿದಿರುತ್ತದೆ, ಆಕಾಶ ತಿಳಿಯಾಗಿರುತ್ತದೆ, ರಾತ್ರಿ ಮಾತ್ರ ಸೊನ್ನೆಗಿಂತ ಕೆಳಗೆ ಹೋಗಬಹುದು. ಅಕ್ಟೋಬರ್‌ಗೆ ಕಾಲಿಟ್ಟರೆ ಕುಂಜುಮ್ ಘಾಟಿಯಲ್ಲಿ ಯಾವಾಗ ಹಿಮ ಬೀಳುತ್ತದೆ ಹೇಳಲಾಗದು. ಓಣಂ ರಜೆಯೊಳಗೇ ಎಲ್ಲ ಮುಗಿಯಬೇಕು ಎಂದು ಹಟ ಹಿಡಿದರೆ ದಾರಿ ಒಪ್ಪಿಕೊಳ್ಳುವುದಿಲ್ಲ.

ಶಿಮ್ಲಾ ಕಡೆಯಿಂದ ಹತ್ತಿ, ಮನಾಲಿ ಕಡೆಗೆ ಇಳಿಯಿರಿ

ಕಾಸರಗೋಡು, ಕುಂಬಳೆ, ಉಪ್ಪಳದವರು ಹುಟ್ಟಿ ಬೆಳೆದದ್ದು ಸಮುದ್ರಮಟ್ಟದಲ್ಲಿ. ಬದಿಯಡ್ಕ, ಮುಳ್ಳೇರಿಯದವರಿಗೂ ಇದರಲ್ಲಿ ಹೆಚ್ಚಿನ ಲಾಭವಿಲ್ಲ. ಮನಾಲಿಯಿಂದ ಹೊರಟರೆ ಒಂದೇ ದಿನದಲ್ಲಿ 4,551 ಮೀಟರ್ ಎತ್ತರದ ಕುಂಜುಮ್ ದಾಟಿ, ಸಂಜೆ ತಲೆ ಸಿಡಿಯುತ್ತಾ ಸ್ಪಿತಿಯ ಮುಖ್ಯ ಪಟ್ಟಣ ಕಾಜಾದಲ್ಲಿ ಮಲಗಬೇಕಾಗುತ್ತದೆ. ಶಿಮ್ಲಾ ಕಡೆಯಿಂದ ಹೋದರೆ ಎತ್ತರ ಮೆಟ್ಟಿಲು ಮೆಟ್ಟಿಲಾಗಿ ಸಿಗುತ್ತದೆ: ನಾರ್ಕಂಡಾ 2,700 ಮೀಟರ್, ಕಲ್ಪಾ 2,960, ತಾಬೋ 3,280, ಕಾಜಾ ಸುಮಾರು 3,650, ಚಂದ್ರತಾಲ್ 4,250. ಕಲ್ಪಾದಲ್ಲಿ ಎರಡು ರಾತ್ರಿ, ಕಾಜಾದಲ್ಲಿ ಕನಿಷ್ಠ ಎರಡು ರಾತ್ರಿ ನಿಲ್ಲಿ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಬಾರದು ಎಂಬುದು ವೈದ್ಯರ ಸಾಮಾನ್ಯ ಲೆಕ್ಕ. ಕಾಜಾದಿಂದ ಚಂದ್ರತಾಲ್‌ಗೆ ಅದು ಸ್ವಲ್ಪ ಮೀರುತ್ತದೆ. ಕಾಜಾದಲ್ಲಿ ಎರಡನೇ ರಾತ್ರಿ ಬೇಕೆನ್ನುವುದು ಅದಕ್ಕೇ.

ಎತ್ತರದ ಕಾಯಿಲೆ ತಡೆಯುವ ಅಸೆಟಜೋಲಮೈಡ್ ಮಾತ್ರೆ ಬೇಕೋ ಬೇಡವೋ ಎಂಬುದನ್ನು ಊರಿನಲ್ಲೇ ಡಾಕ್ಟರ ಹತ್ತಿರ ಕೇಳಿ. ಸಲ್ಫಾ ಔಷಧಿ ಆಗದವರು ಅದನ್ನು ಮೊದಲೇ ಹೇಳಬೇಕು. ತಂಡಕ್ಕೊಂದು ಪಲ್ಸ್ ಆಕ್ಸಿಮೀಟರ್ ಇರಲಿ. ಆದರೆ ಯಂತ್ರದ ಅಂಕಿಗಿಂತ ಮನುಷ್ಯನನ್ನು ನೋಡಿ. ತಲೆನೋವು, ಹಸಿವಿಲ್ಲದಿರುವುದು ಇದ್ದರೆ ಅಲ್ಲೇ ನಿಂತು ವಿಶ್ರಾಂತಿ. ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು, ಕುಡಿದವರ ಹಾಗೆ ತೂರಾಡುವುದು, ಮಾತು ತಪ್ಪುವುದು ಕಂಡರೆ ಬೆಳಗಾಗುವವರೆಗೆ ಕಾಯಬೇಡಿ, ತಕ್ಷಣ ಕೆಳಗಿಳಿಸಿ. ಅಂಥವರ ಕೈಗೆ ಸ್ಟೇರಿಂಗ್ ಬೇಡ. ಕಲ್ಪಾದಿಂದ ಮನಾಲಿವರೆಗೆ ಮದ್ಯವೂ ಬೇಡ. ಈ ಒಂದು ನಿಯಮಕ್ಕೆ ಒಪ್ಪದವರನ್ನು ಊರಿನಲ್ಲೇ ಬಿಟ್ಟು ಹೋಗುವುದು ಒಳ್ಳೆಯದು, ಬೇಸರವಾದರೂ ಸರಿ.

ದಿನಗಳ ಲೆಕ್ಕ

ಕಾಸರಗೋಡಿನಿಂದ ಚಂಡೀಗಢದ ಬದಿಗೆ ಸುಮಾರು 2,700 ಕಿ.ಮೀ. ಅಂಕೋಲಾ, ಹುಬ್ಬಳ್ಳಿ, ಕೊಲ್ಹಾಪುರ, ಪುಣೆ, ಸೂರತ್, ಉದಯಪುರ, ಜೈಪುರ ದಾರಿಯಲ್ಲಿ ದಿನಕ್ಕೆ 550 ಕಿ.ಮೀ.ನಂತೆ ಐದು ದಿನ. ರಾತ್ರಿ ಓಡಿಸಿದರೆ ನಾಲ್ಕು ದಿನಕ್ಕೆ ಮುಗಿಯಬಹುದು. ಆದರೆ ದಣಿದ ಡ್ರೈವರ್‌ನನ್ನು ಬೆಟ್ಟಕ್ಕೆ ಹತ್ತಿಸಿದ ಹಾಗಾಗುತ್ತದೆ. ಹೋಗಲು ಐದು, ಬೆಟ್ಟದಲ್ಲಿ ಒಂಬತ್ತು, ಬರಲು ಐದು, ಕೈಯಲ್ಲಿ ಎರಡು: ಒಟ್ಟು 21 ದಿನ. ಆ ಎರಡು ದಿನಗಳನ್ನು ಮೊದಲೇ ಯಾವುದೋ ದೇವಸ್ಥಾನಕ್ಕೋ ಶಾಪಿಂಗ್‌ಗೋ ಹಂಚಿಬಿಡಬೇಡಿ. ಅವು ಗುಡ್ಡ ಕುಸಿದು ರಸ್ತೆ ಮುಚ್ಚಿದಾಗ ಬೇಕಾಗುವ ದಿನಗಳು.

ಅಷ್ಟು ರಜೆ ಎಲ್ಲರಿಗೂ ಸಿಗುವುದಿಲ್ಲ, ಗಲ್ಫಿನಿಂದ ಬರುವವರಿಗಂತೂ ಇಲ್ಲ. ಗಾಡಿಗೆ ಇಬ್ಬರಂತೆ ಓಡಿಸಿಕೊಂಡು ಹೋಗಲಿ, ಉಳಿದವರು ಮಂಗಳೂರು ಅಥವಾ ಕಣ್ಣೂರಿನಿಂದ ವಿಮಾನದಲ್ಲಿ ಚಂಡೀಗಢಕ್ಕೆ ಬರಲಿ. ಬರುವಾಗ ಸ್ಯಾಟಲೈಟ್ ಫೋನ್ ಅಥವಾ ಉಪಗ್ರಹ ಸಂದೇಶದ ಉಪಕರಣ ತರಬೇಡಿ ಎಂದು ಗಲ್ಫ್ ಗೆಳೆಯರಿಗೆ ಮೊದಲೇ ಹೇಳಿ. ಭಾರತದಲ್ಲಿ ಅನುಮತಿಯಿಲ್ಲದೆ ಅವನ್ನು ಇಟ್ಟುಕೊಂಡರೆ ಕೇಸಾಗುತ್ತದೆ.

ಖರ್ಚಿಗೆ ಕುರಿ (ಚಿಟ್ ಫಂಡ್) ಕಟ್ಟಿದ ಹಾಗೆ ಆರು ತಿಂಗಳ ಮೊದಲೇ ತಿಂಗಳಿಗಿಷ್ಟು ಎಂದು ಒಬ್ಬರ ಬಳಿ ಕೂಡಿಡಿ. ಹೋಗಿ ಬರಲು ಬೆಟ್ಟದ ದಾರಿಯೂ ಸೇರಿ ಸುಮಾರು 6,500 ಕಿ.ಮೀ., ಲೀಟರಿಗೆ ಸರಾಸರಿ ಹತ್ತು ಕಿ.ಮೀ. ಎಂದರೆ ಗಾಡಿಗೆ 650 ಲೀಟರ್ ಎಣ್ಣೆ (ಪೆಟ್ರೋಲ್ ಅಥವಾ ಡೀಸೆಲ್). ರಿಪೇರಿಗೆ ಬೇರೆ ನಿಧಿ. ಯಾರ ಗಾಡಿ ಕೆಟ್ಟರೆ ಯಾರು ಕೊಡುವುದು ಎಂಬ ಮಾತು ಹೊರಡುವ ಮೊದಲೇ ಮುಗಿದಿರಬೇಕು. ಟಯರ್ ಒಡೆದರೆ ತಂಡದ ಲೆಕ್ಕ, ಮೊದಲೇ ಸವೆದಿದ್ದ ಕ್ಲಚ್ ಹೋದರೆ ಗಾಡಿಯವರ ಲೆಕ್ಕ ಎಂಬುದು ನ್ಯಾಯವಾದ ಕ್ರಮ.

ಗಾಡಿ

ಈ ದಾರಿಯಲ್ಲಿ ಹಿಮಾಚಲದ ಸರ್ಕಾರಿ ಬಸ್ ಓಡುತ್ತದೆ. ಹಾಗಾಗಿ ಫೋರ್ ವೀಲ್ ಇಲ್ಲದ ಬೊಲೆರೊ ಕೂಡ ಆದೀತು, ಅಡಿ ಎತ್ತರವಿದೆ, ಹಿಂದಿನ ಚಕ್ರದ ಎಳೆತವಿದೆ. ಆದರೆ ಅಂಥದ್ದು ಐದರಲ್ಲಿ ಎರಡಕ್ಕಿಂತ ಹೆಚ್ಚಿರದಿರಲಿ. ಥಾರ್, ಜಿಮ್ನಿ, ಜಿಪ್ಸಿ ನಡುನಡುವೆ ಇರಲಿ. ಐದಕ್ಕಿಂತ ಹೆಚ್ಚು ಗಾಡಿ ಬೇಡವೇ ಬೇಡ. ಒಂದೊಂದು ನಾಲಾದಲ್ಲಿ ಗಾಡಿಗೆ ಹತ್ತು ನಿಮಿಷ ಹಿಡಿದರೂ ಹತ್ತು ಗಾಡಿಯೆಂದರೆ ಒಂದು ಗಂಟೆ ನಲವತ್ತು ನಿಮಿಷ, ಕೊನೆಯವರಿಗೆ ಸಿಗುವುದು ಏರಿದ ನೀರು. ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಹಿಡಿದು ಹೋಗುವುದು ನಮ್ಮಲ್ಲಿ ಮಾಮೂಲಿ. ಅಪಘಾತವಾದರೆ ವಿಮೆ ಕೈಕೊಡುತ್ತದೆ. ಬುಲ್ ಬಾರ್, ಹೆಚ್ಚುವರಿ ಲೈಟ್ ಇದ್ದರೆ ಬಿಚ್ಚಿಡಿ, ಅಷ್ಟು ರಾಜ್ಯಗಳ ಚೆಕಿಂಗ್‌ನಲ್ಲಿ ಎಲ್ಲೋ ಒಂದು ಕಡೆ ನಿಲ್ಲಿಸಿಯೇ ನಿಲ್ಲಿಸುತ್ತಾರೆ.

ಕರಾವಳಿಯ ಗಾಡಿಗೆ ಮೊದಲ ಶತ್ರು ತುಕ್ಕು. ಹೊರಡುವ ತಿಂಗಳ ಮುಂಚೆ ಲಿಫ್ಟಿಗೆ ಏರಿಸಿ ಚಾಸಿ, ಬ್ರೇಕ್ ಪೈಪು, ಟೋ ಹುಕ್ಕಿನ ಬೋಲ್ಟುಗಳನ್ನು ಸುತ್ತಿಗೆಯಿಂದ ತಟ್ಟಿ ನೋಡಿ. ಮೇಲೆ ಪೇಂಟ್ ಹೊಳೆಯುತ್ತಿದ್ದು ಒಳಗೆ ಪದರ ಕಳಚುತ್ತಿರುವ ಹುಕ್ಕು, ನಾಲಾದ ನಡುವೆ ಎಳೆಯುವಾಗ ಕಿತ್ತು ಬಂದರೆ ಗುಂಡಿನಂತೆ ಹಾರುತ್ತದೆ.

ಎರಡನೆಯದು ಕೂಲಂಟ್. ಕಡಿಮೆಯಾದಾಗ ಬಾವಿನೀರು ಹೊಯ್ಯುವುದು ಊರಿನ ಅಭ್ಯಾಸ. ಇಲ್ಲಿ ನಡೆಯುತ್ತದೆ. ಚಂದ್ರತಾಲ್‌ನ ರಾತ್ರಿಯಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ರೇಡಿಯೇಟರೋ ಎಂಜಿನ್ ಬ್ಲಾಕೋ ಸೀಳುತ್ತದೆ. ಪೂರ್ತಿ ಖಾಲಿ ಮಾಡಿ, ಕೂಲಂಟ್ ಮತ್ತು ಡಿಸ್ಟಿಲ್ಡ್ ನೀರು ಅರ್ಧರ್ಧ ತುಂಬಿಸಿ.

ಮೂರನೆಯದು ಆಕ್ಸಲಿನ ಬ್ರೀದರ್, ಅಂದರೆ ಒಳಗಿನ ಗಾಳಿ ಆಡುವ ರಂಧ್ರ. ಓಡಿ ಬಿಸಿಯಾದ ಡಿಫರೆನ್ಷಿಯಲ್ (ಆಕ್ಸಲಿನ ನಡುವಿನ ಗೇರ್ ಪೆಟ್ಟಿಗೆ) ಮಂಜುಗಡ್ಡೆಯಂಥ ನೀರಿಗಿಳಿದರೆ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಅಥವಾ ಸೀಲಿನ ಸಂದಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ಬ್ರೀದರಿಗೆ ರಬ್ಬರ್ ಪೈಪ್ ಹಾಕಿ ಎಂಜಿನ್ ಬೇಯವರೆಗೆ ಎತ್ತಿ ಕಟ್ಟಿ. ಕಡಿಮೆ ಖರ್ಚಿನ, ದೊಡ್ಡ ಉಪಕಾರದ ಕೆಲಸ.

ಕುಂಜುಮ್‌ನಲ್ಲಿ ಗಾಳಿಯ ಒತ್ತಡ ಊರಿನದರ ಶೇ. 60ಕ್ಕಿಂತ ಕಡಿಮೆ. ಟರ್ಬೊ ಇಲ್ಲದ ಜಿಮ್ನಿ, ಜಿಪ್ಸಿಗಳ ಶಕ್ತಿಯೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಟರ್ಬೊ ಡೀಸೆಲ್ ಕೂಡ ಕಡಿಮೆ ಆರ್‌ಪಿಎಂನಲ್ಲಿ ಕುಸಿಯುತ್ತದೆ. ಮುರಕಲ್ಲಿನ ಚಡಾವಿನಲ್ಲಿ ಅರ್ಧ ಕ್ಲಚ್ ಹಿಡಿದು ಹತ್ತಿಸುವ ಅಭ್ಯಾಸವಿದ್ದವರು ಅಲ್ಲಿ ಕ್ಲಚ್ ಸುಡುವುದು ಹೀಗೆ. ಎಂಜಿನ್ ಎಳೆಯುತ್ತಿಲ್ಲ ಅನ್ನಿಸಿದರೆ ನಿಂತು ಫೋರ್ ಲೋಗೆ (ನಾಲ್ಕೂ ಚಕ್ರಕ್ಕೆ ನಿಧಾನದ, ಹೆಚ್ಚು ಎಳೆತದ ಗೇರ್) ಹಾಕಿ.

ಟಯರಿನ ಬದಿಯಲ್ಲಿ ಅಚ್ಚಾದ ನಾಲ್ಕಂಕಿ ನೋಡಿ, ವಾರ ಮತ್ತು ವರ್ಷ. ಆರು ವರ್ಷ ದಾಟಿದ್ದು ಬೇಡ. ಬದಿಗೋಡೆ ಸೀಳಿದರೆ ಪಂಕ್ಚರ್ ಕಿಟ್‌ನಿಂದ ಏನೂ ಆಗದು. ಹಾಗಾಗಿ ಒಂದೇ ಅಳತೆಯ ಚಕ್ರವಿರುವ ಗಾಡಿಗಳನ್ನು ಜೊತೆ ಸೇರಿಸಿದರೆ ಎರಡು ಗಾಡಿಗೆ ಮೂರು ಸ್ಟೆಪ್ನಿ ಸಾಕು. ಊರಿನಲ್ಲಿ 32 ಪಿಎಸ್‌ಐ ತುಂಬಿಸಿದ ಟಯರು ಕಾಜಾದಲ್ಲಿ ಹೊರಗಿನ ಗಾಳಿ ತೆಳುವಾದ ಕಾರಣ ಐದು ಪಿಎಸ್‌ಐವರೆಗೆ ಹೆಚ್ಚು ತೋರಿಸಬಹುದು. ಬೆಳಗಿನ ಚಳಿಯಲ್ಲಿ ಅಷ್ಟು ಕಾಣಿಸದು. ಕಾಜಾ ದಾಟಿ ಕಲ್ಲುದಾರಿ ಶುರುವಾದಾಗ 25ಕ್ಕೆ ಇಳಿಸಿ. ಇನ್ನೂ ಇಳಿಸಿದರೆ ಮೆತ್ತಗೆ ಓಡುತ್ತದೆ ನಿಜ, ಆದರೆ ಚೂಪುಕಲ್ಲಿಗೆ ಬದಿಗೋಡೆ ಒಡ್ಡಿದ ಹಾಗೆ.

ಬಿಡಿಭಾಗಗಳು: ಪ್ರತಿ ಮಾದರಿಗೆ ಫ್ಯಾನ್ ಬೆಲ್ಟ್, ಡೀಸೆಲ್ ಗಾಡಿಗೆ ಎರಡು ಫ್ಯೂಯಲ್ ಫಿಲ್ಟರ್, ರೇಡಿಯೇಟರ್ ಹೋಸ್ ಮತ್ತು ಕ್ಲಿಪ್, ಎಂಜಿನ್ ಆಯಿಲ್ ಐದು ಲೀಟರ್, ಗೇರ್ ಆಯಿಲ್ ಮೂರು, ಕೂಲಂಟ್ ಐದು, ಬ್ರೇಕ್ ಆಯಿಲ್ ಅರ್ಧ ಲೀಟರ್, ಫ್ಯೂಸು, ಎಂ-ಸೀಲ್, ಕಟ್ಟುಕಂಬಿ. ಲೀಫ್ ಪ್ಲೇಟಿನ ಗಾಡಿಗೆ ಸೆಂಟರ್ ಬೋಲ್ಟ್, ಯು ಬೋಲ್ಟ್ ಮರೆಯಬೇಡಿ. ಹೊಂಡದಲ್ಲಿ ಬಿದ್ದೆದ್ದು ಸೆಂಟರ್ ಬೋಲ್ಟ್ ತುಂಡಾದರೆ ಆಕ್ಸಲ್ ಹಿಂದಕ್ಕೆ ಸರಿದು ಗಾಡಿ ಏಡಿಯಂತೆ ಅಡ್ಡ ನಡೆಯುತ್ತದೆ. ನಲವತ್ತು ರೂಪಾಯಿಯ ಬೋಲ್ಟಿಗಾಗಿ ಮನಾಲಿಗೆ ಮನುಷ್ಯನನ್ನು ಕಳಿಸಬೇಕಾದೀತು.

ಎಣ್ಣೆ ಕಿನ್ನೌರ್‌ನ ಪೋವಾರಿಯಲ್ಲಿ ತುಂಬಿಸಿದರೆ ಮುಂದೆ ಕಾಜಾ, ನಡುವೆ ಸುಮಾರು 200 ಕಿ.ಮೀ. ಕಾಜಾದಿಂದ ಮನಾಲಿಗೆ ಮತ್ತೆ 200 ಚಿಲ್ಲರೆ, ಜೊತೆಗೆ ಚಂದ್ರತಾಲ್‌ಗೆ ಹೋಗಿಬರುವುದು. ಕಲ್ಲುದಾರಿಯಲ್ಲಿ ಮೈಲೇಜ್ ಅರ್ಧಕ್ಕೆ ಇಳಿಯುತ್ತದೆ ಎಂದೇ ಎಣಿಸಿ. ಚಿಕ್ಕ ಟ್ಯಾಂಕಿನ ಪೆಟ್ರೋಲ್ ಗಾಡಿಗೆ ಮಾತ್ರ ಹತ್ತು ಲೀಟರ್ ಲೋಹದ ಕ್ಯಾನ್ ಸಾಕು. ಗ್ರಾಂಫೂ ತಲುಪುವ ಮೊದಲು ಅದನ್ನು ಟ್ಯಾಂಕಿಗೆ ಸುರಿದು ಖಾಲಿ ಮಾಡಿ, ಮುಂದಿರುವ ಅಟಲ್ ಸುರಂಗದೊಳಗೆ ತುಂಬಿದ ಕ್ಯಾನ್ ಬೇಡ.

ನೀರು ದಾಟುವ ಕ್ರಮ

ಮೊದಲು ಒಬ್ಬರು ಕೋಲು ಹಿಡಿದು ನಡೆದು ನೋಡಬೇಕು, ಬರಿಗಾಲಲ್ಲಿ ಅಲ್ಲ, ಹಳೆಯ ಶೂ ಹಾಕಿಕೊಂಡು. ನೀರು ಮೊಣಕಾಲಿಗಿಂತ ಮೇಲಿದ್ದರೆ, ನಿಂತವರ ಕಾಲು ಸೆಳೆಯುತ್ತಿದ್ದರೆ ಗಾಡಿ ಇಳಿಸಬೇಡಿ. ಬಾತಲ್‌ಗೆ ಹಿಂತಿರುಗಿ ಮರುದಿನ ಬೆಳಿಗ್ಗೆ ಬನ್ನಿ.

ದಾಟುವ ಗಾಡಿಯ ಹಿಂದಿನ ಹುಕ್ಕಿಗೆ ಹಗ್ಗವನ್ನು ಮೊದಲೇ ಕಟ್ಟಿ ತುದಿಯನ್ನು ಒಳಗಿಡಿ. ಮುಳುಗಿದ ಹುಕ್ಕನ್ನು ಆ ನೀರಿನಲ್ಲಿ ಹುಡುಕುವಾಗ ಎರಡು ನಿಮಿಷಕ್ಕೆ ಬೆರಳು ಮರಗಟ್ಟುತ್ತದೆ. ಫೋರ್ ಲೋ, ಮೊದಲ ಅಥವಾ ಎರಡನೇ ಗೇರ್, ಒಂದೇ ಹದದ ಆಕ್ಸಿಲರೇಟರ್. ನಡುವೆ ಕ್ಲಚ್ ತುಳಿಯಬೇಡಿ, ಗೇರ್ ಬದಲಿಸಬೇಡಿ. ಒಂದು ಗಾಡಿ ಆಚೆ ದಡದ ಒಣನೆಲಕ್ಕೆ ಹತ್ತಿದ ಮೇಲಷ್ಟೇ ಇನ್ನೊಂದು ಇಳಿಯಬೇಕು.

ನೀರಿನಲ್ಲಿ ಎಂಜಿನ್ ನಿಂತುಹೋದರೆ ಕೀ ತಿರುಗಿಸುವ ಆಸೆಯನ್ನು ತಡೆಯಿರಿ. ಸಿಲಿಂಡರಿಗೆ ನೀರು ಹೋಗಿದ್ದರೆ ಆ ಒಂದು ಸ್ಟಾರ್ಟಿಗೇ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹಗ್ಗದಿಂದ ಎಳೆದು ತೆಗೆದು, ಏರ್ ಫಿಲ್ಟರ್ ಬಿಚ್ಚಿ ನೋಡಿ. ಒಣಗಿದ್ದರೆ ಸ್ಟಾರ್ಟ್ ಮಾಡಬಹುದು. ಒದ್ದೆಯಾಗಿದ್ದರೆ ಪ್ಲಗ್ ಅಥವಾ ಇಂಜೆಕ್ಟರ್ ಬಿಚ್ಚಿ ನೀರು ಹೊರಹಾಕದೆ ಮುಟ್ಟಬೇಡಿ. ಎಳೆಯುವಾಗ ಹಗ್ಗದ ನಡುವಿಗೆ ಒದ್ದೆ ಕಂಬಳಿ ಹೊದಿಸಿ, ಜನ ಹಗ್ಗದ ಉದ್ದದ ಒಂದೂವರೆ ಪಟ್ಟು ದೂರ ನಿಲ್ಲಲಿ. ಒಂಬತ್ತು ಮೀಟರಿನ ಕೈನೆಟಿಕ್ (ಎಳೆದರೆ ಹಿಗ್ಗುವ) ಹಗ್ಗ ಎರಡು, ಹಗ್ಗವನ್ನು ಹುಕ್ಕಿಗೆ ಸೇರಿಸುವ 4.75 ಟನ್ನಿನ ಡಿ ಶಾಕಲ್ ಕೊಂಡಿ ಆರು ಇರಲಿ. ದಾಟಿದ ಮೇಲೆ ಮೆಲ್ಲಗೆ ಓಡಿಸುತ್ತಾ ನಾಲ್ಕೈದು ಸಲ ಬ್ರೇಕ್ ಒತ್ತಿ ಒಣಗಿಸಿ.

ಇದನ್ನೆಲ್ಲ ಊರಿನಲ್ಲೇ ಒಂದು ಆದಿತ್ಯವಾರ ಅಭ್ಯಾಸ ಮಾಡಿ. ಮುಳ್ಳೇರಿಯ, ಆದೂರು ಬದಿಯಲ್ಲಿ ಪರಿಚಯದವರ ರಬ್ಬರ್ ತೋಟದ ದಾರಿ ಸಿಕ್ಕರೆ ಸಾಕು. ರಿಸರ್ವ್ ಕಾಡಿಗೆ ನುಗ್ಗಬೇಡಿ. ಪ್ರತಿಯೊಬ್ಬ ಡ್ರೈವರೂ ತನ್ನ ಗಾಡಿಯ ಸ್ಟೆಪ್ನಿಯನ್ನು ತಾನೇ ಬದಲಿಸಬೇಕು, ಒಬ್ಬರನ್ನೊಬ್ಬರು ಎಳೆಯಬೇಕು. ಕೆಸರಿನಲ್ಲಿ ನಮ್ಮವರು ಗಟ್ಟಿಗರೇ. ಕಲ್ಲಿನ ಮೇಲೆ ಚಕ್ರ ಇಡುವ ತಾಳ್ಮೆ ಬೇರೆ ವಿದ್ಯೆ.

ದಾರಿಯ ಶಿಸ್ತು, ಊಟ, ಕಾಗದ

ಮುಂದಿನ ಗಾಡಿ ಅತಿ ನಿಧಾನದ ಡ್ರೈವರ್‌ದು, ಹಿಂದಿನದು ಮೆಕ್ಯಾನಿಕ್ ಕೆಲಸ ಬಲ್ಲವರದು. ಪ್ರತಿಯೊಬ್ಬರೂ ಕನ್ನಡಿಯಲ್ಲಿ ಹಿಂದಿನ ಗಾಡಿಯನ್ನು ನೋಡುತ್ತಿರಬೇಕು, ಕಾಣದಿದ್ದರೆ ನಿಲ್ಲಬೇಕು. ಲೈಸೆನ್ಸ್ ಬೇಡದ 446 ಮೆಗಾಹರ್ಟ್ಸ್‌ನ ಚಿಕ್ಕ ವಾಕಿಟಾಕಿ ಗಾಡಿಗೊಂದು ಇರಲಿ. ಕುಂಜುಮ್‌ಗೆ ಮೊದಲಿನ ಹಳ್ಳಿ ಲೋಸರ್ ದಾಟಿದ ಮೇಲೆ ಮೊಬೈಲ್ ನಂಬಬೇಡಿ, ಮನಾಲಿ ತಲುಪುವ ಗಂಟೆಯನ್ನು ಕಾಜಾದಿಂದಲೇ ಮನೆಗೆ ಹೇಳಿಬಿಡಿ.

ಕುಚ್ಚಲಕ್ಕಿ ಕೊಂಡೊಯ್ಯುವವರು ಪ್ರೆಶರ್ ಕುಕ್ಕರ್ ಕೊಂಡೊಯ್ಯಿರಿ. ಕಾಜಾದಲ್ಲಿ ನೀರು 88 ಡಿಗ್ರಿಯ ಹತ್ತಿರ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಅಕ್ಕಿಯ ಒಳಗು ಬೇಯಲು ತುಂಬ ಹೊತ್ತು ಹಿಡಿಯುತ್ತದೆ. ಆರು ಗಂಟೆಗೆ ಹೊರಡುವ ದಿನಕ್ಕೆ ಅವಲಕ್ಕಿಯೇ ಸರಿ.

ಭಾರತೀಯರಿಗೆ ಕಿನ್ನೌರ್–ಸ್ಪಿತಿಗೆ ಇನ್ನರ್ ಲೈನ್ ಪರ್ಮಿಟ್ (ಗಡಿ ಪ್ರದೇಶದ ಅನುಮತಿ) ಬೇಡ, ಗುರುತಿನ ಚೀಟಿ ಸಾಕು. ಗ್ರಾಂಫೂವಿನಿಂದ ಕೋಕ್ಸರ್‌ಗೆ ಇಳಿದು 9.02 ಕಿ.ಮೀ. ಉದ್ದದ ಅಟಲ್ ಸುರಂಗದಲ್ಲಿ ಹೋದರೆ ರೋಹ್ತಂಗ್ ಪರ್ಮಿಟ್ಟೂ ಬೇಡ. ಚಂದ್ರತಾಲ್ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯ ಸರೋವರ, ದಂಡೆಯಲ್ಲಿ ಟೆಂಟ್ ಹಾಕುವಂತಿಲ್ಲ. ಕ್ಯಾಂಪುಗಳು ಕೆಲವು ಕಿ.ಮೀ. ಈಚೆಗೇ ಇವೆ.

ಮನಾಲಿಯಲ್ಲಿ ಒಂದು ದಿನ ಗಾಡಿಗಳಿಗೆ. ಮುಂದಿನ, ಹಿಂದಿನ ಡಿಫರೆನ್ಷಿಯಲ್‌ನ ಡ್ರೈನ್ ಬೋಲ್ಟ್ ಸ್ವಲ್ಪ ಸಡಿಲಿಸಿ. ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಪೂರ್ತಿ ಬದಲಿಸಿ. ಬ್ರೇಕ್ ಪ್ಯಾಡಿನ ನಡುವಿನ ಮರಳು ತೊಳೆಯಿರಿ, ಚಕ್ರದ ನಟ್ಟುಗಳನ್ನು ಮತ್ತೆ ಬಿಗಿಮಾಡಿ, ಟಯರನ್ನು ಹೈವೇ ಒತ್ತಡಕ್ಕೆ ಏರಿಸಿ. ಚಕ್ರ ಎತ್ತಿ ಅಲುಗಾಡಿಸಿದಾಗ ಕಟಕಟ ಎಂದರೆ ಬೇರಿಂಗನ್ನು ಅಲ್ಲೇ ಹಾಕಿಸಿ, ಉದಯಪುರದವರೆಗೆ ತಳ್ಳಬೇಡಿ.