ದೋಣಿ ತೇಲುವ ಬಗೆ ನೋಡಿ ಗಾಳದ ಸಾಮಾನು ಕಟ್ಟುವುದು

ಸಮುದ್ರದಲ್ಲಿ ಗಾಳ ಹಾಕಲೆಂದೇ ರಜೆ ಹಾಕಿ ಹೊರಡುವವರು ಸಾಮಾನ್ಯವಾಗಿ ರಾಡು, ರೀಲಿನಿಂದ ತಯಾರಿ ಶುರು ಮಾಡುತ್ತಾರೆ. ನಾನು ಶುರು ಮಾಡುವುದು ದೋಣಿಯಿಂದ. ಬಾಡಿಗೆಗೆ ಕೊಡುವವರಿಗೆ ಮೊದಲು ಒಂದು ಫೋನು. ದೋಣಿ ಎಷ್ಟು ಉದ್ದ, ಕ್ಯಾಬಿನ್ ಇದೆಯೋ ಬೋಳು ದೋಣಿಯೋ, ಗಾಳ ಹಾಕುವ ಜಾಗ ಎಷ್ಟು ಆಳ, ಅಲ್ಲಿ ನೀರಿನ ಓಟ ಹೇಗೆ. ಇಷ್ಟು ಬರೆದುಕೊಂಡ ಮೇಲೆಯೇ ಚೀಲ ತೆಗೆಯುವುದು. ಕ್ಯಾಬಿನ್ ಇರುವ ಎತ್ತರದ ದೋಣಿಯಾದರೆ ಮಳೆ ಬಿಸಿಲಿಗೆ ನೆರಳೇನೋ ಸಿಕ್ಕಿತು, ಆದರೆ ಗಾಳಿಗೆ ಅದೇ ಕ್ಯಾಬಿನ್ನು ಹಾಯಿಯಾಗುತ್ತದೆ. ಆಗ ಗಾಳವನ್ನು ತಳಕ್ಕೆ ಇಳಿಸಲು ನಾನು ಒಯ್ಯುವ ಸೀಸದ ಗುಂಡುಗಳ ತೂಕವೇ ಬೇರೆ.

ಎಂಜಿನ್ ನಿಲ್ಲಿಸಿ ದೋಣಿಯನ್ನು ತೇಲಲು ಬಿಟ್ಟರೆ ಅದನ್ನು ನೀರಿನ ಓಟವೂ ಒಯ್ಯುತ್ತದೆ, ಗಾಳಿಯೂ ತಳ್ಳುತ್ತದೆ. ಬರೀ ನೀರಿನ ಓಟವಾದರೆ ಹೆಚ್ಚು ತೊಂದರೆಯಿಲ್ಲ. ದೋಣಿ, ದಾರ, ಸೀಸ ಎಲ್ಲವೂ ಅದೇ ನೀರಿನ ಜೊತೆ ಸಾಗುತ್ತವೆ, ದಾರ ಹೆಚ್ಚುಕಡಿಮೆ ನೆಟ್ಟಗೇ ಇಳಿಯುತ್ತದೆ. ತಳದ ನೀರು ಮೇಲಿನದಕ್ಕಿಂತ ನಿಧಾನ ಹರಿಯುವುದರಿಂದ ಸ್ವಲ್ಪ ಓರೆ ಇದ್ದೇ ಇರುತ್ತದೆ, ಅಷ್ಟೆ. ಗಾಳಿ ಹಾಗಲ್ಲ. ಅದು ದೋಣಿಯನ್ನು ಮಾತ್ರ ತಳ್ಳುತ್ತದೆ, ನೀರೊಳಗಿನ ದಾರವನ್ನಲ್ಲ. ಗಾಳಿಯಿಂದ ದೋಣಿ 1 ನಾಟ್ ವೇಗದಲ್ಲಿ ಸರಿಯುತ್ತಿದೆ ಅನ್ನಿ. ಗಂಟೆಗೆ 1.852 ಕಿಲೋಮೀಟರ್, ಕೇಳಲು ಏನೂ ಅಲ್ಲ. ನಿಮಿಷಕ್ಕೆ ಸುಮಾರು 31 ಮೀಟರ್ ಆಯಿತು. ಸೀಸ ತಳ ಮುಟ್ಟಲು ಅರ್ಧ ನಿಮಿಷ ಹಿಡಿದರೆ ಅಷ್ಟರಲ್ಲಿ ದೋಣಿ 15 ಮೀಟರ್ ಮುಂದೆ ಹೋಗಿರುತ್ತದೆ. ನಲವತ್ತು ಮೀಟರ್ ಆಳಕ್ಕೆ ಬಿಟ್ಟ ದಾರ ಅರುವತ್ತು, ಎಪ್ಪತ್ತು ಮೀಟರ್ ಬಿಚ್ಚಿಕೊಂಡರೂ ಗಾಳ ತಳದಲ್ಲಿ ಕೂರುವುದಿಲ್ಲ. ಮೀನು ಇಲ್ಲ ಅಂತ ಜನ ಗೊಣಗುವ ಎಷ್ಟೋ ದಿನ ಗಾಳ ಮೀನಿನ ತಲೆಯ ಮೇಲೆ ಎಲ್ಲೋ ಹಾರುತ್ತಿರುತ್ತದೆ.

ಅದಕ್ಕೇ ನನ್ನ ಚೀಲದಲ್ಲಿ ಎಲ್ಲಕ್ಕಿಂತ ಮೊದಲು ಸೇರುವುದು ಬಟ್ಟೆಯ ಲಂಗರು, ಡ್ರೋಗ್. ನೀರಲ್ಲಿ ಪ್ಯಾರಾಶೂಟಿನಂತೆ ಅರಳಿ ದೋಣಿಯನ್ನು ನೀರಿಗೆ ಕಟ್ಟಿಹಾಕುವ ಬಟ್ಟೆಯದು. ಮಡಚಿದರೆ ಒಂದು ಅಂಗಿಯಷ್ಟು ಜಾಗ. ಅದು ನೀರಿನ ಓಟವನ್ನು ತಡೆಯುವುದಿಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಓಡುವ ನೀರಿನ ಜೊತೆ ಅದೂ ಓಡುತ್ತದೆ. ತಡೆಯುವುದು ಗಾಳಿಯ ತಳ್ಳಾಟವನ್ನು, ನಮಗೆ ಬೇಕಾದ್ದೂ ಅದೇ. ದೋಣಿಯ ನಡುಭಾಗಕ್ಕೆ ಕಟ್ಟಿದರೆ ದೋಣಿ ಅಡ್ಡಲಾಗಿ ತೇಲುತ್ತದೆ, ಎಲ್ಲರೂ ಒಂದೇ ಬದಿಯಲ್ಲಿ ಸಾಲಾಗಿ ನಿಂತು ಗಾಳ ಹಾಕಬಹುದು. ಮುಂಬದಿಗೆ ಕಟ್ಟಿದರೆ ದೋಣಿ ಗಾಳಿಗೆ ಮುಖ ಕೊಟ್ಟು ನಿಲ್ಲುತ್ತದೆ, ಹೊಯ್ದಾಟ ಕಡಿಮೆ. ಜೊತೆಯಲ್ಲಿ ಹೊಟ್ಟೆ ತೊಳಸುವವರು ಇದ್ದರೆ ನಾನು ಎರಡನೆಯದನ್ನೇ ಮಾಡುತ್ತೇನೆ. ಅಡ್ಡ ತೇಲುವ ದೋಣಿಯಷ್ಟು ವಾಂತಿ ಬರಿಸುವುದು ಬೇರೊಂದಿಲ್ಲ. ಬಟ್ಟೆಯ ತುದಿಗೆ ಇನ್ನೊಂದು ತೆಳು ಹಗ್ಗ ಕಟ್ಟಿಡಬೇಕು. ಅದನ್ನು ಎಳೆದರೆ ಬಟ್ಟೆ ಮಗುಚಿ ನೀರು ಖಾಲಿಯಾಗಿ ಸಲೀಸಾಗಿ ಮೇಲೆ ಬರುತ್ತದೆ. ಅದು ಒಳಗೆ ಬರುವ ತನಕ ಎಂಜಿನ್ನಿಗೆ ಕೈ ಹಾಕಕೂಡದು, ಹಗ್ಗ ಪ್ರೊಪೆಲ್ಲರ್‌ಗೆ ಸುತ್ತಿದರೆ ಅಂದಿನ ಕತೆ ಮುಗಿಯಿತು.

ಯಾವ ಬದಿಯಲ್ಲಿ ನಿಲ್ಲಬೇಕು ಎಂಬುದಕ್ಕೂ ಇದೇ ಲೆಕ್ಕ. ಗಾಳಿ ಬೆನ್ನಿಗೆ ಬೀಸಿದರೆ ಹಿತವೇನೋ ಹೌದು, ಆದರೆ ಆ ಬದಿಯಲ್ಲಿ ದಾರ ದೋಣಿಯ ಅಡಿಗೆ ಹೋಗಿ ಉಜ್ಜುತ್ತದೆ. ಗಾಳಿ ಮುಖಕ್ಕೆ ಬಡಿಯುವ ಬದಿಯಲ್ಲಿ ನಿಂತರೆ ದಾರ ನಮ್ಮಿಂದ ದೂರ ಚಾಚಿಕೊಂಡು ಚೊಕ್ಕವಾಗಿರುತ್ತದೆ.

ತೇಲುವ ವೇಗ ತಿಳಿಯಲು ದೊಡ್ಡ ವಿದ್ಯೆ ಬೇಡ. ಎಂಜಿನ್ ನಿಲ್ಲಿಸಿದ ಕೂಡಲೇ ಜಿಪಿಎಸ್‌ನಲ್ಲಿ ಒಂದು ಗುರುತು ಹಾಕುತ್ತೇನೆ, ಐದು ನಿಮಿಷ ಬಿಟ್ಟು ಇನ್ನೊಂದು. ಎರಡರ ನಡುವಿನ ಗೆರೆ ಗಾಳಿಯ ದಿಕ್ಕಿಗೇ ಇದ್ದರೆ ಗಾಳಿಯದೇ ಕಾರುಬಾರು, ಬಟ್ಟೆಯ ಲಂಗರನ್ನು ನೀರಿಗಿಳಿಸಬೇಕು. ಗೆರೆ ಬೇರೆ ಕಡೆಗಿದ್ದರೆ ನೀರಿನ ಓಟ ಜೋರಿದೆ, ಬಟ್ಟೆಯಿಂದ ಅಷ್ಟೇನೂ ಲಾಭವಿಲ್ಲ. ಮೀನಿರುವ ಕಲ್ಲಿನ ಮೇಲೆ ಹಾಯಬೇಕಾದರೆ ಆ ಗೆರೆಯನ್ನೇ ಹಿಂದಕ್ಕೆ ಎಳೆದು, ದೋಣಿಯನ್ನು ತೇಲುವ ದಿಕ್ಕಿಗೆ ಎದುರಾಗಿ ಅಷ್ಟು ದೂರ ಒಯ್ದು ಬಿಡುತ್ತೇನೆ.

ನೀರೊಳಕ್ಕೆ ಸದ್ದು ಕಳಿಸಿ, ಅದರ ಮಾರ್ದನಿಯಿಂದ ತಳವನ್ನೂ ಮೀನನ್ನೂ ಪರದೆಯಲ್ಲಿ ತೋರಿಸುವ ಫಿಶ್ ಫೈಂಡರ್ ಬಗ್ಗೆ ಒಂದು ಮಾತು. ಪರದೆಯಲ್ಲಿ ಮೀನಿನ ಕಮಾನು ಕಂಡೊಡನೆ ದೋಣಿಯ ಅಡಿಯಲ್ಲೇ ಮೀನಿದೆ ಅಂದುಕೊಳ್ಳುವವರು ಬಹಳ. ಅದರ ಸದ್ದು ಕೆಳಕ್ಕೆ ಹೋದಂತೆ ಅಗಲವಾಗುತ್ತದೆ. 20 ಡಿಗ್ರಿಯ ಕೋನವಿದ್ದರೆ 30 ಮೀಟರ್ ಆಳದಲ್ಲಿ ಸುಮಾರು 10 ಮೀಟರ್ ಅಗಲದ ವೃತ್ತವನ್ನು ಅದು ನೋಡುತ್ತಿರುತ್ತದೆ. ಆ ವೃತ್ತದ ಅಂಚಿನಲ್ಲಿರುವ ಮೀನೂ ಪರದೆಯಲ್ಲಿ ದೋಣಿಯ ಅಡಿಯಲ್ಲೇ ಇರುವಂತೆ ಕಾಣುತ್ತದೆ. ಸದ್ದಿನ ಕಂಪನ ಆಳದ ನೀರಿಗೆ 50 ಕಿಲೋಹರ್ಟ್ಸ್, ಕಡಿಮೆ ಆಳದಲ್ಲಿ ಸೂಕ್ಷ್ಮವಾಗಿ ಕಾಣಬೇಕಾದರೆ 200. ನಾನು ಅದನ್ನು ಹೆಚ್ಚಾಗಿ ತಳ ಕಲ್ಲೋ ಮರಳೋ ನೋಡಲಿಕ್ಕೇ ಬಳಸುವುದು.

ಇನ್ನು ದಾರ. ಬ್ರೇಡು, ಅಂದರೆ ಎಳೆಗಳನ್ನು ಹೆಣೆದು ಮಾಡಿದ ದಾರ, ಅದೇ ತಾಕತ್ತಿನ ನೈಲಾನ್ ದಾರಕ್ಕಿಂತ ಸುಮಾರು ಅರ್ಧ ದಪ್ಪ. ತೆಳು ದಾರಕ್ಕೆ ನೀರಿನ ಹಿಡಿತ ಕಡಿಮೆ, ಹಾಗಾಗಿ ಕಡಿಮೆ ಸೀಸದಲ್ಲೇ ತಳ ಮುಟ್ಟುತ್ತದೆ. ಹಿಗ್ಗುವುದಿಲ್ಲವಾದ್ದರಿಂದ ಆಳದಲ್ಲಿ ಮೀನು ಮೂಸಿದರೂ ಬೆರಳಿಗೆ ಗೊತ್ತಾಗುತ್ತದೆ. ಪ್ರತಿ 10 ಮೀಟರಿಗೆ ಬಣ್ಣ ಬದಲಾಗುವ ಬ್ರೇಡನ್ನೇ ನಾನು ತರುವುದು. ಫೈಂಡರ್ 40 ತೋರಿಸುತ್ತಿದೆ, ದಾರದಲ್ಲಿ ಆರನೇ ಬಣ್ಣ ಹೊರಟಿದೆ ಅಂದರೆ ಓರೆ ಹೆಚ್ಚಾಯಿತು. ಮೇಲೆತ್ತಿ ಮತ್ತೆ ಬಿಡಬೇಕು, ಇಲ್ಲವೇ ಸೀಸ ಏರಿಸಬೇಕು. ಇದು ಕೈಯಲ್ಲೇ ಇರುವ ಮಾಪಕ, ಬ್ಯಾಟರಿಯೂ ಬೇಡ.

ಬ್ರೇಡಿನ ದೌರ್ಬಲ್ಯ ಕಲ್ಲು. ತಾಗಿತೆಂದರೆ ಕತ್ತರಿಸಿಕೊಳ್ಳುತ್ತದೆ. ಆದ್ದರಿಂದ ತುದಿಗೆ ಲೀಡರ್, ಅಂದರೆ ಉಜ್ಜಾಟ ತಾಳುವ ದಪ್ಪ ಫ್ಲೋರೋಕಾರ್ಬನ್ ದಾರದ ತುಂಡು. ಎರಡನ್ನೂ ಸೇರಿಸಲು ಎಫ್‌ಜಿ ಗಂಟು ಹಾಕುತ್ತೇನೆ. ಬ್ರೇಡನ್ನು ಬಿಗಿಯಾಗಿ ಹಿಡಿದು ಲೀಡರನ್ನು ಅದರ ಮೇಲಿನಿಂದ ಒಮ್ಮೆ, ಕೆಳಗಿನಿಂದ ಒಮ್ಮೆ ಇಪ್ಪತ್ತು ಸಲ ಸುತ್ತಬೇಕು, ಸುತ್ತುಗಳು ಒಂದರ ಪಕ್ಕ ಒಂದು ಕೂರಬೇಕು. ಎಂಜಲು ಹಚ್ಚಿ ಗಟ್ಟಿಯಾಗಿ ಎಳೆದಾಗ ಬ್ರೇಡಿನ ಬಣ್ಣ ಗಾಢವಾಗುತ್ತದೆ. ಆಗ ಅದು ಲೀಡರನ್ನು ಕಚ್ಚಿತು ಅಂತ ಅರ್ಥ. ಬಣ್ಣ ತಿರುಗದಿದ್ದರೆ ಬಿಚ್ಚಿ ಮತ್ತೆ ಹಾಕುತ್ತೇನೆ, ನೋಡೋಣ ಅನ್ನುವ ಮಾತಿಲ್ಲ. ಇದೆಲ್ಲ ಹಿಂದಿನ ರಾತ್ರಿ ದೀಪದ ಕೆಳಗೆ ಆಗುವ ಕೆಲಸ. ಹೊಯ್ದಾಡುವ ದೋಣಿಯಲ್ಲಿ ಕಡಿದುಹೋದರೆ ಎರಡು ಯೂನಿ ಗಂಟುಗಳನ್ನು ಎದುರುಬದುರು ಹಾಕಿ ಮುಂದುವರಿಯುವುದು.

ರೀಲಿನ ಡ್ರ್ಯಾಗ್ ಅಂದರೆ ಮೀನು ಎಷ್ಟು ಜೋರಾಗಿ ಎಳೆದರೆ ದಾರ ಬಿಚ್ಚಬೇಕು ಎಂದು ಗೊತ್ತುಮಾಡುವ ಬ್ರೇಕು. ಅದನ್ನು ಬೆರಳಲ್ಲಿ ಎಳೆದು ನೋಡಿ, ಸರಿಯಿದೆ ಅನ್ನುವವರನ್ನು ನಾನು ನಂಬುವುದಿಲ್ಲ. ಸ್ಪ್ರಿಂಗ್ ತಕ್ಕಡಿ ಬೇಕು. ದಾರ ರಾಡಿನ ಎಲ್ಲ ಬಳೆಗಳ ಮೂಲಕ ಹಾಯಬೇಕು, ರಾಡು 45 ಡಿಗ್ರಿಯಲ್ಲಿ ಬಾಗಿರಬೇಕು, ಇನ್ನೊಬ್ಬರು ತಕ್ಕಡಿ ಹಿಡಿದು ನಿಧಾನ ಹಿಂದೆ ಹೋಗಬೇಕು. ದಾರ ಬಿಚ್ಚತೊಡಗುವ ಹೊತ್ತಿಗೆ ಮುಳ್ಳು ಎಲ್ಲಿದೆ ನೋಡುವುದು. 30 ಪೌಂಡಿನ ದಾರ ಎಂದರೆ 13.6 ಕಿಲೋ. ಅದರ ಮೂರನೇ ಒಂದು ಅಂದರೆ 4.5 ಕಿಲೋಗೆ ಇಡಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನಾನು ಕಾಲು ಭಾಗಕ್ಕೇ, 3.5 ಕಿಲೋ ಆಸುಪಾಸಿಗೆ ನಿಲ್ಲಿಸುತ್ತೇನೆ. ಕಾರಣ ಇದೆ. ಮೀನು ದಾರ ಎಳೆದುಕೊಂಡು ಓಡಿದಂತೆ ಸ್ಪೂಲಿನಲ್ಲಿ ಉಳಿದ ದಾರದ ಸುರುಳಿಯ ಸುತ್ತಳತೆ ಕುಗ್ಗುತ್ತದೆ. ಸುತ್ತಳತೆ ಅರ್ಧಕ್ಕೆ ಇಳಿದರೆ ದಾರದ ಮೇಲಿನ ಬಿಗಿ ದುಪ್ಪಟ್ಟು, ಡ್ರ್ಯಾಗನ್ನು ಯಾರೂ ಮುಟ್ಟದಿದ್ದರೂ. ಅದರ ಮೇಲೆ ನೀರಲ್ಲಿ ಚಾಚಿದ ಉದ್ದನೆಯ ದಾರದ ಸ್ವಂತ ಎಳೆತ ಬೇರೆ. ದೊಡ್ಡ ಮೀನಿನ ಮೊದಲ ಓಟದ ಕೊನೆಯಲ್ಲಿ ದಾರ ಕಡಿಯುವುದು ಬಹಳ ಸಲ ಈ ಲೆಕ್ಕದಿಂದ.

ತೇಲುವ ದೋಣಿಯಲ್ಲಿ ಎರೆ ಗಾಳಕ್ಕೆ ಮೊನೆ ಒಳಕ್ಕೆ ಬಾಗಿದ ಸರ್ಕಲ್ ಕೊಕ್ಕೆಯೇ ಒಳ್ಳೆಯದು. ಮೀನು ಕಚ್ಚಿದಾಗ ರಾಡನ್ನು ಎತ್ತಿ ಜಗ್ಗುವ ಚಟ ಬಿಡಬೇಕು, ಸುಮ್ಮನೆ ರೀಲು ಸುತ್ತಿದರೆ ಕೊಕ್ಕೆ ತಾನೇ ತಿರುಗಿ ಬಾಯಿಯ ಮೂಲೆಗೆ ಕೂರುತ್ತದೆ. ಹಳೆಯ ಕೈಗಳಿಗೇ ಇದು ಕಷ್ಟ, ಹೊಸಬರು ಬೇಗ ಕಲಿಯುತ್ತಾರೆ.

ರಜೆಯ ವಾರ ಆರಿಸುವುದೂ ಸಾಮಾನಿನ ಭಾಗವೇ ಅಂತ ನನ್ನ ಎಣಿಕೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿಗೆ ಉಬ್ಬರವಿಳಿತ ದೊಡ್ಡದು, ನೀರಿನ ಓಟವೂ ಜೋರು. ಅಷ್ಟಮಿ ಕಳೆದ ಒಂದೆರಡು ದಿನಕ್ಕೆ ಎಲ್ಲ ಸಣ್ಣದಾಗುತ್ತದೆ. ಆಳದ ಕಲ್ಲಿನ ಮೇಲೆ ಗಾಳ ಹಾಕಬೇಕಾದರೆ ನನಗೆ ಆ ಸಣ್ಣ ಉಬ್ಬರದ ವಾರವೇ ಬೇಕು, ಅರ್ಧ ತೂಕದ ಸೀಸದಲ್ಲೂ ಕೆಲಸ ನಡೆಯುತ್ತದೆ. ದಿನಕ್ಕೆ ಎರಡು ಉಬ್ಬರ ಬರುವ ಕಡೆ ಇನ್ನೊಂದು ಹಳೆಯ ಲೆಕ್ಕ ಕೈಹಿಡಿಯುತ್ತದೆ. ನೀರು ಏರುವ ಆರು ತಾಸಿನಲ್ಲಿ ಒಟ್ಟು ಏರಿಕೆಯನ್ನು 12 ಪಾಲು ಮಾಡಿದರೆ ಮೊದಲ ತಾಸಿಗೆ 1, ಎರಡನೆಯದಕ್ಕೆ 2, ಮೂರು ಮತ್ತು ನಾಲ್ಕನೆಯದಕ್ಕೆ ತಲಾ 3, ಆಮೇಲೆ 2, ಕೊನೆಗೆ 1. ನಡುವಿನ ಎರಡು ತಾಸು ನೀರು ಓಡುವ ಹೊತ್ತು, ಆಗ ಊಟ ಮುಗಿಸಿಕೊಳ್ಳುವುದು ಜಾಣತನ. ಗಾಳಿ ಒಂದು ಕಡೆಯಿಂದ, ನೀರು ಅದಕ್ಕೆದುರು ಓಡತೊಡಗಿದರೆ ಅಲೆಗಳು ಗಿಡ್ಡವಾಗಿ, ಕಡಿದಾಗಿ ಏಳುತ್ತವೆ. ಗಾಳಿ ಹೆಚ್ಚಾಗದೇ ಸಮುದ್ರ ಕೆಟ್ಟಂತೆ ಕಾಣುವುದು ಆಗಲೇ. ಉಬ್ಬರದ ಪಟ್ಟಿ ನೋಡಿ ಆ ತಿರುವಿನ ಮೊದಲೇ ಮರಳುತ್ತೇನೆ.

ತೇಲಲು ಬಿಡದೆ ತಳಕ್ಕೆ ಲಂಗರು ಹಾಕುವುದಾದರೆ ಆಳದ ಐದರಿಂದ ಏಳು ಪಟ್ಟು ಹಗ್ಗ ಬಿಡಬೇಕು, ಕಟ್ಟುವುದು ಮುಂಬದಿಗೆ ಮಾತ್ರ. ಹಿಂಬದಿಗೆ ಕಟ್ಟಿದ ಸಣ್ಣ ದೋಣಿಯ ಮೇಲೆ ಎಂಜಿನ್ ಭಾರ, ಹಗ್ಗದ ಎಳೆತ, ಅಲೆ ಮೂರೂ ಒಟ್ಟಿಗೆ ಬಿದ್ದರೆ ನೀರು ನೇರ ಒಳಗೆ ನುಗ್ಗುತ್ತದೆ.

ಲೈಫ್ ಜಾಕೆಟ್ಟನ್ನು ನನ್ನದೇ ಒಯ್ಯುತ್ತೇನೆ, 150 ನ್ಯೂಟನ್ ತೇಲಿಸುವ ಬಲದ, ಗಾಳಿ ತುಂಬಿಕೊಳ್ಳುವ ಬಗೆಯದು. 50 ನ್ಯೂಟನ್ನಿನದು ಈಜುವವರಿಗೆ ಆಸರೆ ಅಷ್ಟೇ, ಪ್ರಜ್ಞೆ ತಪ್ಪಿದವರ ಮುಖವನ್ನು ಅದು ಮೇಲಕ್ಕೆ ತಿರುಗಿಸುವುದಿಲ್ಲ. ತೊಡೆಯ ಪಟ್ಟಿ ಕಟ್ಟದಿದ್ದರೆ ಎಷ್ಟು ಒಳ್ಳೆಯ ಜಾಕೆಟ್ಟಾದರೂ ನೀರಲ್ಲಿ ತಲೆಯ ಮೇಲಕ್ಕೆ ಸರಿಯುತ್ತದೆ. ಎಂಜಿನ್ ನಡೆಸುವವರ ಕಾಲಿಗೆ ಕಿಲ್ ಕಾರ್ಡ್, ಅವರು ನೀರಿಗೆ ಬಿದ್ದರೆ ಎಂಜಿನ್ ನಿಲ್ಲಿಸುವ ಹಗ್ಗ. ವಿಎಚ್‌ಎಫ್ ರೇಡಿಯೋ ತುರ್ತು ಕರೆಯ ಚಾನೆಲ್ 16ರಲ್ಲಿ. ಇಂಧನ ಮೂರು ಪಾಲು: ಹೋಗಲು ಒಂದು, ಬರಲು ಒಂದು, ಉಳಿದದ್ದು ಮುಟ್ಟಬಾರದ್ದು.

ವಿಮಾನದಲ್ಲಿ ಹೋಗುವುದಾದರೆ ನಾಲ್ಕು ತುಂಡಾಗುವ ರಾಡು ಸಾಕು, ಸಾಮಾನ್ಯ ಪೆಟ್ಟಿಗೆಯಲ್ಲೇ ಹಿಡಿಸುತ್ತದೆ. ಸೀಸವನ್ನು ಅಲ್ಲೇ ಕೊಳ್ಳುವುದು, ಕಲ್ಲು ಹೊತ್ತು ಹಾರುವುದರಲ್ಲಿ ಅರ್ಥವಿಲ್ಲ. ಕೊಕ್ಕೆಗಳು ಚೆಕ್ಇನ್ ಪೆಟ್ಟಿಗೆಗೆ, ಲಿಥಿಯಂ ಪವರ್ ಬ್ಯಾಂಕು ಕೈಚೀಲಕ್ಕೆ. ಜಾಕೆಟ್ಟಿನ ಗ್ಯಾಸ್ ಸಿಲಿಂಡರಿಗೆ ವಿಮಾನ ಸಂಸ್ಥೆಯ ಒಪ್ಪಿಗೆಯನ್ನು ಮುಂಚೆಯೇ ಕೇಳಿಟ್ಟುಕೊಳ್ಳಬೇಕು.

ಆಳದಿಂದ ಬಂದ ಮೀನನ್ನು ಬಿಟ್ಟುಬಿಡುವುದಿದ್ದರೆ ಡಿಸೆಂಡರ್ ಎಂಬ ಸಣ್ಣ ಕ್ಲಿಪ್ಪು ಬೇಕು. 30 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ನಾಲ್ಕು ಪಟ್ಟು. ಮೇಲೆ ಬರುವಷ್ಟರಲ್ಲಿ ಮೀನಿನ ಗಾಳಿಚೀಲ ಉಬ್ಬಿ ಹೊಟ್ಟೆಯನ್ನು ಬಾಯಿಂದ ಹೊರಕ್ಕೆ ತಳ್ಳುತ್ತದೆ. ಹೊರಬಂದದ್ದು ಗಾಳಿಚೀಲವೆಂದು ಚುಚ್ಚುವವರಿದ್ದಾರೆ, ಅದು ಮೀನಿನ ಜಠರ. ಚುಚ್ಚದೆ, ಕ್ಲಿಪ್ಪನ್ನು ತುಟಿಗೆ ಸಿಕ್ಕಿಸಿ ಸೀಸದ ಜೊತೆ ಆಳಕ್ಕೆ ಇಳಿಸಿದರೆ ಚೀಲ ಮತ್ತೆ ಕುಗ್ಗಿ ಮೀನು ಈಜಿಕೊಂಡು ಹೋಗುತ್ತದೆ.

ದಡಕ್ಕೆ ಬಂದ ಮೇಲೆ ಡ್ರ್ಯಾಗನ್ನು ಪೂರ್ತಿ ಬಿಗಿದು ರೀಲಿಗೆ ಸಿಹಿನೀರು ಚಿಮುಕಿಸುತ್ತೇನೆ. ಪೈಪಿನಿಂದ ಜೋರಾಗಿ ಹೊಡೆದರೆ ಉಪ್ಪು ಬೇರಿಂಗಿನೊಳಕ್ಕೇ ಹೋಗುತ್ತದೆ. ಒಣಗಿದ ಮೇಲೆ ಡ್ರ್ಯಾಗನ್ನು ಸಡಿಲ ಬಿಟ್ಟು ಇಡುವುದು, ಬಿಗಿಯಾಗಿದ್ದರೆ ಒಳಗಿನ ಬಿಲ್ಲೆಗಳು ಒತ್ತಿಹೋಗುತ್ತವೆ. ಬ್ರೇಡಿನ ತುದಿ ನವೆದಿದ್ದರೆ ಇಡೀ ದಾರವನ್ನು ಇನ್ನೊಂದು ಸ್ಪೂಲಿಗೆ ತಿರುಗಿಸಿ ಸುತ್ತಿಕೊಂಡರಾಯಿತು. ಒಳಗೆ ಅಡಗಿದ್ದ ಅರ್ಧ ಇನ್ನೂ ಹೊಸತೇ ಇರುತ್ತದೆ.