ಕ್ರ್ಯಾಂಕ್ ಸೆನ್ಸರ್‌ನ ಎರಡು ತಂತಿಗಳು: ನನ್ನ ಅನುಭವ

ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರ ತಲುಪುವಷ್ಟರಲ್ಲಿ ನಿಂತುಹೋಗುವ, ಬಾನೆಟ್ ತೆರೆದು ಅರ್ಧ ಗಂಟೆ ಕಾದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್ ಆಗುವ ಹಳೆಯ ಪೆಟ್ರೋಲ್ ಕಾರೊಂದು ಮೂಡಿಗೆರೆಯ ನನ್ನ ಗ್ಯಾರೇಜಿಗೆ ಬಂದಿತ್ತು. ಅದಕ್ಕೆ ಬೇರೆಡೆ ಆಗಲೇ ಎರಡು ಬಾರಿ ಹೊಸ ಕ್ರ್ಯಾಂಕ್ ಸೆನ್ಸರ್ ಹಾಕಲಾಗಿತ್ತು; ಕ್ರ್ಯಾಂಕ್ ಶಾಫ್ಟ್ ಎಷ್ಟು ತಿರುಗಿದೆ ಎಂಬುದನ್ನು ಇಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ, ಅಂದರೆ ಇಸಿಯುವಿಗೆ, ತಿಳಿಸುವುದು ಇದೇ. ಸ್ಕ್ಯಾನರ್ ಪಿ0335 ಎಂದು ತೋರಿಸುತ್ತಿತ್ತು. ಸೆನ್ಸರ್‌ನ ಸರ್ಕೀಟಿನಲ್ಲಿ ದೋಷವಿದೆ ಎಂಬುದಷ್ಟೇ ಈ ಕೋಡ್‌ನ ಅರ್ಥ. ಸರ್ಕೀಟ್ ಎಂದರೆ ಸೆನ್ಸರ್, ತಂತಿಗಳನ್ನು ಜೋಡಿಸುವ ಕಪ್ಲರ್, ತಂತಿ, ಇಸಿಯು ಎಲ್ಲವೂ ಸೇರಿದ್ದು ಎಂಬುದನ್ನು ನಮ್ಮಲ್ಲಿ ಅನೇಕರು ಮರೆಯುತ್ತಾರೆ.

ಕಪ್ಲರ್‌ನಲ್ಲಿ ಮೂರು ಪಿನ್‌ಗಳಿದ್ದವು. ಮೂರು ಪಿನ್ ಕಂಡೊಡನೆ ಅದನ್ನು ಹಾಲ್ ಸೆನ್ಸರ್ (ಒಳಗೆ ಎಲೆಕ್ಟ್ರಾನಿಕ್ ಚಿಪ್ ಇರುವ ಬಗೆ) ಎಂದು ತೀರ್ಮಾನಿಸುವುದು ತಪ್ಪು. ಹಾಲ್ ಸೆನ್ಸರ್‌ಗಾದರೆ ಇಗ್ನಿಷನ್ ಆನ್ ಮಾಡಿದಾಗ ಒಂದು ಪಿನ್‌ಗೆ 5 ಅಥವಾ 12 ವೋಲ್ಟ್ ಸಪ್ಲೈ ಬರಬೇಕು, ಇನ್ನೊಂದು ಅರ್ಥ್ ಆಗಿರಬೇಕು. ಅಂಥದ್ದಕ್ಕೆ ಓಮ್ ಮೀಟರ್ ಹಿಡಿದು ಪ್ರಯೋಜನವಿಲ್ಲ. ಇಲ್ಲಿ ಸಪ್ಲೈ ಇರಲಿಲ್ಲ. ಒಳಗಿದ್ದದ್ದು ಅಯಸ್ಕಾಂತಕ್ಕೆ ಸುತ್ತಿದ ಬರಿಯ ಕಾಯಿಲ್. ಎರಡು ಪಿನ್ ಅದರದ್ದು, ಮೂರನೆಯದು ತಂತಿಗಳ ಹೊರಗಿನ ಜಾಲರಿಯದ್ದು, ಅಂದರೆ ಶೀಲ್ಡ್‌ನದ್ದು.

ಅಳತೆಯನ್ನು ಸೆನ್ಸರ್‌ನ ಬಳಿ ಮಾಡುವ ಬದಲು ಬ್ಯಾಟರಿ ಬಿಚ್ಚಿ, ಇಸಿಯುವಿನ ಕಪ್ಲರ್ ತೆಗೆದು, ಆ ತುದಿಯಿಂದಲೇ ಮಾಡಿದೆ. ಹೀಗೆ ಮಾಡಿದರೆ ಕಾಯಿಲ್ ಮತ್ತು ತಂತಿ ಎರಡೂ ಒಟ್ಟಿಗೆ ಪರೀಕ್ಷೆಗೆ ಒಳಗಾಗುತ್ತವೆ. ತಣ್ಣಗಿದ್ದಾಗ 870 ಓಮ್ ಬಂತು. ಗಾಡಿಯನ್ನು ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ ತಂದು ಮತ್ತೆ ಹಿಡಿದಾಗ ಸುಮಾರು 1080 ಓಮ್ ಆಗಿತ್ತು. ತಾಮ್ರದ ರೋಧ ಪ್ರತಿ ಡಿಗ್ರಿಗೆ ಹೆಚ್ಚುಕಡಿಮೆ ಶೇ. 0.4ರಷ್ಟು ಏರುವುದರಿಂದ, ಅರವತ್ತು ಡಿಗ್ರಿ ಬಿಸಿ ಏರಿದಾಗ ಇಷ್ಟು ವ್ಯತ್ಯಾಸ ಸಹಜವೇ; ಇದನ್ನೇ ದೋಷವೆಂದು ತಿಳಿದು ಒಳ್ಳೆಯ ಸೆನ್ಸರ್ ಎಸೆದವರನ್ನು ನಾನು ನೋಡಿದ್ದೇನೆ. ಮೀಟರ್ ಹಾಗೆಯೇ ಇಟ್ಟುಕೊಂಡು, ಹುಡುಗನೊಬ್ಬನಿಗೆ ಹಾರ್ನೆಸ್ಸನ್ನು, ಅಂದರೆ ತಂತಿಗಳ ಕಂತೆಯನ್ನು, ಗೇಣುಗೇಣಾಗಿ ಅಲ್ಲಾಡಿಸಲು ಹೇಳಿದೆ. ಎಕ್ಸಾಸ್ಟ್ ಪೈಪಿನ ಪಕ್ಕದ ತಿರುವಿನಲ್ಲಿ ತಂತಿ ಬಾಗಿದ ಕ್ಷಣ ಅಂಕಿ ಮಾಯವಾಗಿ ಸರ್ಕೀಟ್ ಓಪನ್ ಎಂದು ತೋರಿಸಿತು. ಹೊರಗಿನ ಪ್ಲಾಸ್ಟಿಕ್ ಬಿಸಿಗೆ ಬೆಂದು ಗಟ್ಟಿಯಾಗಿತ್ತು, ಆದರೆ ಎಲ್ಲೂ ಸೀಳಿರಲಿಲ್ಲ. ತುಂಡಾದ ಎಳೆಗಳು ಒಳಗೇ ಇದ್ದವು.

ಜಾಲರಿಯಿದ್ದ ಎರಡೆಳೆಯ ಕೇಬಲ್ ತಂದು, ತಿರುವಿನ ಆಚೀಚೆ ಕತ್ತರಿಸಿ, ಬೆಸುಗೆ ಹಾಕಿ ಶ್ರಿಂಕ್ ಟ್ಯೂಬ್ ಹೊದಿಸಿದೆ. ಇಲ್ಲಿ ನಾನೇ ಎಡವಿದೆ. ಹಳೆಯ ತಂತಿಗಳ ಬಣ್ಣ ಬಿಸಿಗೆ ಒಂದೇ ಕಂದು ಆಗಿಹೋಗಿದ್ದರಿಂದ ಅವುಗಳನ್ನು ಅದಲುಬದಲು ಜೋಡಿಸಿಬಿಟ್ಟಿದ್ದೆ. ಕಾಯಿಲ್‌ಗೆ ಯಾವ ತುದಿಯಾದರೇನು ಎಂದು ಆಗ ಯಾರಾದರೂ ಕೇಳಿದ್ದರೆ ನಾನೂ ತಲೆಯಾಡಿಸುತ್ತಿದ್ದೆನೇನೋ. ಇಂಜಿನ್ ಸ್ವಲ್ಪ ಹೆಚ್ಚು ಸೆಲ್ಫ್ ಹೊಡೆದ ಮೇಲೆ ಸ್ಟಾರ್ಟ್ ಆಯಿತು, ಆದರೆ 3000 ಆರ್‌ಪಿಎಂ ದಾಟುತ್ತಲೇ ಮುಗ್ಗರಿಸತೊಡಗಿತು.

ವೋಲ್ಟೇಜಿನ ಏರಿಳಿತವನ್ನು ಪರದೆಯಲ್ಲಿ ಅಲೆಯಾಗಿ ತೋರಿಸುವ ಸಣ್ಣ ಆಸಿಲೋಸ್ಕೋಪ್ ಜೋಡಿಸಿದಾಗಷ್ಟೇ ಕಾರಣ ಕಂಡಿತು. ಈ ಇಂಜಿನ್ನಿನಲ್ಲಿ ಕ್ರ್ಯಾಂಕ್ ಜೊತೆ ಸೆನ್ಸರ್‌ನ ಎದುರು ತಿರುಗುವ ಹಲ್ಲುಚಕ್ರದಲ್ಲಿ ಅರವತ್ತು ಹಲ್ಲುಗಳ ಜಾಗದಲ್ಲಿ ಎರಡನ್ನು ಬಿಟ್ಟು 58 ಮಾತ್ರ ಇರುತ್ತವೆ. ಹಲ್ಲಿನಿಂದ ಹಲ್ಲಿಗೆ 6 ಡಿಗ್ರಿ. ಹಲ್ಲು ಸೆನ್ಸರ್‌ನ ಎದುರಿಗೆ ನೇರವಾಗಿ ಬಂದಾಗ ಅಲೆ ಮೇಲಿನಿಂದ ಕೆಳಕ್ಕೆ ಸೊನ್ನೆಯನ್ನು ಕಡಿದಾಗಿ ದಾಟುತ್ತದೆ, ಈ ಇಸಿಯು ಎಣಿಸುವುದು ಅದನ್ನೇ. ಆದ್ದರಿಂದ ಖಾಲಿ ಜಾಗದ ನಂತರದ ಮೊದಲ ಅಲೆ ಮೊದಲು ಮೇಲಕ್ಕೆ ಏಳಬೇಕು. ನನ್ನ ಪರದೆಯಲ್ಲಿ ಅದು ಮೊದಲು ಕೆಳಕ್ಕೆ ಇಳಿಯುತ್ತಿತ್ತು. ಹೀಗಾದಾಗ ಇಸಿಯು ಹಲ್ಲಿನ ನಡುವನ್ನು ಬಿಟ್ಟು ಎರಡು ಹಲ್ಲುಗಳ ನಡುವಿನ ಸಂದನ್ನು ಎಣಿಸುತ್ತದೆ. ಲೆಕ್ಕ ಸುಮಾರು 3 ಡಿಗ್ರಿ ತಪ್ಪುವುದಲ್ಲದೆ, ಖಾಲಿ ಜಾಗದ ಬಳಿ ಅಲೆ ನಿಧಾನವಾಗಿ ಸೊನ್ನೆಗೆ ಮರಳುವುದರಿಂದ ಆ ಬಿಂದು ಎಲ್ಲಿದೆ ಎಂಬುದೇ ಇಸಿಯುವಿಗೆ ನಿಶ್ಚಯವಾಗುವುದಿಲ್ಲ. ಬೆಸುಗೆ ಬಿಚ್ಚಿ ಎರಡು ತಂತಿಗಳನ್ನು ಬದಲಿಸಿದ ಮೇಲೆ ಮುಗ್ಗರಿಕೆ ಪೂರ್ತಿ ನಿಂತಿತು.

ಹೊಸ ಕೇಬಲ್ಲಿನ ಜಾಲರಿಯನ್ನು ಇಸಿಯುವಿನ ಕಡೆ ಮಾತ್ರ ಅರ್ಥ್‌ಗೆ ಸೇರಿಸಿದೆ. ಎರಡೂ ತುದಿಗಳನ್ನು ಗಾಡಿಯ ಬಾಡಿಯೊಂದಿಗೆ ಸೇರಿಸಿದರೆ ಸೆಲ್ಫ್ ಹೊಡೆಯುವಾಗಿನ ಭಾರೀ ಕರೆಂಟಿನ ಒಂದು ಪಾಲು ಅದರಲ್ಲಿ ಹರಿದು ಸಿಗ್ನಲ್ ಕೆಡುತ್ತದೆ. ಕೇಬಲನ್ನು ಎಕ್ಸಾಸ್ಟಿನಿಂದಲೂ ಪ್ಲಗ್ ವೈರುಗಳಿಂದಲೂ ದೂರಕ್ಕೆ ಸರಿಸಿ ಕ್ಲಿಪ್ ಹಾಕಿದೆ. ಮಾರನೆಯ ದಿನ ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಜಿರೆಗೆ ಇಳಿದು, ಮಧ್ಯಾಹ್ನದ ಬಿಸಿಲಿನಲ್ಲೇ ಘಾಟಿ ಹತ್ತಿ ಬಂದೆವು. ಗಾಡಿ ಎಲ್ಲೂ ನಿಲ್ಲಲಿಲ್ಲ. ಅವರ ಡಿಕ್ಕಿಯಲ್ಲಿದ್ದ ಹಳೆಯ ಎರಡು ಸೆನ್ಸರ್‌ಗಳನ್ನು ಕುತೂಹಲಕ್ಕೆಂದು ಬಿಸಿನೀರಿನಲ್ಲಿ ಅದ್ದಿ ಅಳೆದೆ. ಎರಡೂ ಸರಿಯಾಗಿದ್ದವು.