ಎತ್ತರಿಸಿದ ಹಳೇ ಜಿಪ್ಸಿಯ ಸ್ಟೇರಿಂಗ್ ಸರಿಯಾದದ್ದು ಹೀಗೆ

ನಮ್ಮ ಹಳೇ ಜಿಪ್ಸಿಯ ಲೀಫ್ ಸ್ಪ್ರಿಂಗ್ ಕೂತುಬಿಟ್ಟಿತ್ತು. ತೋಟದ ದಾರಿಯಲ್ಲಿ ಕಲ್ಲು ಅಡಿಗೆ ತಾಗುತ್ತಿತ್ತು. ಹೊಸ ಸ್ಪ್ರಿಂಗ್ ಜೊತೆ ಉದ್ದದ ಶಾಕಲ್ (ಸ್ಪ್ರಿಂಗಿನ ಒಂದು ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಹಾಕಿಸಿದೆ. ಶಾಕಲ್ 50 ಮಿ.ಮೀ. ಉದ್ದವಾದರೆ ಗಾಡಿ ಏಳುವುದು ಅದರ ಅರ್ಧದಷ್ಟೇ, ಸುಮಾರು 25 ಮಿ.ಮೀ.

ಎತ್ತರವೇನೋ ಬಂತು. ಆದರೆ ಹೈವೇಯಲ್ಲಿ ಗಾಡಿ ಆ ಕಡೆ ಈ ಕಡೆ ಅಲೆಯತೊಡಗಿತು. ತಿರುವು ಮುಗಿದರೂ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುತ್ತಿರಲಿಲ್ಲ. ಟೈ ರಾಡ್, ಬೇರಿಂಗ್ ಎಲ್ಲಾ ಗಟ್ಟಿಯಾಗಿದ್ದವು. ಕಾರಣ ಕ್ಯಾಸ್ಟರ್, ಅಂದರೆ ಸ್ಟೇರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ಹೊರಳುವ ಅಕ್ಷ ಹಿಂದಕ್ಕೆ ವಾಲಿರುವ ಕೋನ. ಸ್ಟೇರಿಂಗನ್ನು ತಾನಾಗಿ ನೇರಕ್ಕೆ ತರುವುದು ಅದೇ. ಜಿಪ್ಸಿಯಲ್ಲಿ ಮುಂದಿನ ಶಾಕಲ್ ಇರುವುದು ಸ್ಪ್ರಿಂಗಿನ ಮುಂತುದಿಯಲ್ಲಿ. ಅದು ಉದ್ದವಾದರೆ ಸ್ಪ್ರಿಂಗಿನ ಮೂತಿ ಕೆಳಗೆ ಬಾಗುತ್ತದೆ, ಆಕ್ಸಲ್ ಕೂಡ ಜೊತೆಗೇ ತಿರುಗುತ್ತದೆ, ಕ್ಯಾಸ್ಟರ್ ಕಮ್ಮಿಯಾಗುತ್ತದೆ.

ಕ್ಯಾಸ್ಟರ್ ವಾಪಸ್ ತರಲು ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಓರೆಯಾದ ಉಕ್ಕಿನ ವೆಡ್ಜ್ ಕೂರಿಸಿದೆವು, ದಪ್ಪ ಅಂಚು ಮುಂದಕ್ಕೆ. ಸ್ಪ್ರಿಂಗಿನ ಪಟ್ಟಿಗಳನ್ನು ಸೇರಿಸಿ ಹಿಡಿಯುವ ಸೆಂಟರ್ ಬೋಲ್ಟ್ ಉದ್ದದ್ದು ಬೇಕು, ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ಹೊಸದೇ ಇರಲಿ. ಅಲ್ಯೂಮಿನಿಯಂ ವೆಡ್ಜ್ ಮಾತ್ರ ಬೇಡ, ಒಡೆಯುವ ಭಯ ಜಾಸ್ತಿ. ಈಗ ತಿರುವಿನಲ್ಲಿ ಹಿಡಿತ ಸಡಿಲಿಸಿದರೆ ಸ್ಟೇರಿಂಗ್ ಅಂಗೈಯಲ್ಲೇ ಜಾರಿ ಮಧ್ಯಕ್ಕೆ ಬರುತ್ತದೆ. ಎಷ್ಟು ಖುಷಿ ಗೊತ್ತಾ!

ಬ್ರೇಕ್ ಹೋಸ್ ಮರೆಯಬೇಡಿ. ಚಾಸಿಗೆ ಜಾಕ್ ಕೊಟ್ಟು, ಆಕ್ಸಲ್ ನೇತಾಡಲು ಬಿಟ್ಟು, ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಹೋಸ್ ಬಿಗಿಯಾದರೆ ಉದ್ದದ್ದು ಹಾಕಿಸಲೇಬೇಕು.